ಟ್ಯಾಂಕು ತುಂಬಿಸುವ ಲೆಕ್ಕ

ದೀಪಾವಳಿ ಸಂಚಿಕೆಗೆ ಅಂಕಣ ಎಲ್ಲಿ ಎಂದು ಸಂಪಾದಕರು ಮೂರನೇ ಸಲ ಫೋನ್ ಮಾಡಿದಾಗ, "ಈ ಸಲ ಪೆಟ್ರೋಲಿನ ಬಗ್ಗೆ ಬರೀತಿದೀನಿ" ಅಂದೆ. ಆ ಕಡೆ ಎರಡು ಕ್ಷಣ ಮೌನ. "ಹಬ್ಬದ ಸಂಚಿಕೆ ಸಾರ್, ದೀಪ, ಎಣ್ಣೆ, ಬೆಳಕು ಅಂತ ಏನಾದರೂ ಇದ್ದಿದ್ದರೆ..." ಎಂದು ರಾಗ ಎಳೆದರು. ನಾನು ಬರೆಯುತ್ತಿರುವುದೂ ಎಣ್ಣೆಯ ವಿಷಯವೇ ಸ್ವಾಮಿ, ಹಣತೆಗೆ ಹಾಕುವ ಎಣ್ಣೆ ಅಲ್ಲ ಅಷ್ಟೇ, ಎಂದೆ. ಕೂಟದ ವೇದಿಕೆಯ ಮೇಲಿನ ದೀಪಕ್ಕೆ ನಾಲ್ಕು ಚಮಚ ಎಳ್ಳೆಣ್ಣೆ ಸುರಿದರೆ ಹೆಚ್ಚು. ಆ ದೀಪ ಹಚ್ಚುವುದನ್ನು ನೋಡಲು ಬಂದವರ ಕಾರುಗಳಲ್ಲಿ ಎಷ್ಟು ಗ್ಯಾಲನ್ ಉರಿದಿರುತ್ತದೆ, ಪಾರ್ಕಿಂಗ್ ಜಾಗವನ್ನು ಒಮ್ಮೆ ಕಣ್ಣಾಡಿಸಿ ನೀವೇ ಅಂದಾಜು ಮಾಡಿ.

ಊರಿನಲ್ಲಿ ಕನ್ನಡ ಮಾತಾಡಬೇಕೆಂದರೆ ಬಾಗಿಲು ತೆರೆದರೆ ಸಾಕು. ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ, ಕಾರಿನ ಬಾಗಿಲು ತೆರೆಯಬೇಕು. ನಾಟಕದ ತಾಲೀಮು ಸನ್ನಿವೇಲಿನಲ್ಲಿ, ಭಾನುವಾರದ ಕನ್ನಡ ತರಗತಿ ಫ್ರೀಮಾಂಟಿನಲ್ಲಿ, ಶಿವ-ವಿಷ್ಣು ದೇವಸ್ಥಾನ ಲಿವರ್‌ಮೋರಿನಲ್ಲಿ, ಸತ್ಯನಾರಾಯಣ ಪೂಜೆ ಬೆಟ್ಟದ ಆಚೆ ಟ್ರೇಸಿಯಲ್ಲಿ. ನಮ್ಮ ಸಂಸ್ಕೃತಿ ನಾಲ್ಕು ಚಕ್ರದ ಮೇಲೆ ನಿಂತಿದೆ ಎಂದು ಯಾರಾದರೂ ವೇದಿಕೆಯಿಂದ ಹೇಳಿದರೆ ಅದನ್ನು ರೂಪಕ ಅಂದುಕೊಳ್ಳಬೇಡಿ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಅಮ್ಮ ಮೊದಲ ಸಲ ಬಂದಾಗ ನಾನು "ಗ್ಯಾಸ್ ತುಂಬಿಸಿಕೊಂಡು ಬರ್ತೀನಿ" ಎಂದು ಹೊರಟೆ. "ಸಿಲಿಂಡರ್ ಎಲ್ಲೋ?" ಎಂದು ಕೇಳಿದರು. ಗ್ಯಾಸೋಲಿನ್ ಎಂಬುದರ ಗಿಡ್ಡ ರೂಪ ಅದು ಎಂದು ವಿವರಿಸಿದೆ. "ದ್ರವಕ್ಕೆ ಗ್ಯಾಸ್ ಅಂತಾರಲ್ಲ, ಇವರಿಗೆ ಬುದ್ಧಿ ಇದೆಯಾ?" ಅಂದರು. ಅಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಪೆಟ್ರೋಲೇ. ಈ ಅಂಕಣದಲ್ಲೂ ಹಾಗೇ ಇರಲಿ.

ಪೆಟ್ರೋಲ್ ಕೊಳ್ಳುವ ರೀತಿಯೂ ಸಮುದ್ರ ದಾಟಿದ ಮೇಲೆ ಬದಲಾಯಿತು. ಬೆಂಗಳೂರಿನ ಬಂಕಿನಲ್ಲಿ ನಾವು ಯಾವತ್ತಾದರೂ ಲೀಟರ್ ಲೆಕ್ಕದಲ್ಲಿ ಕೇಳಿದ್ದುಂಟೇ? "ಐವತ್ತು ರೂಪಾಯಿಗೆ ಹಾಕಪ್ಪಾ" ಎನ್ನುವುದು, ಅವನು "ಝೀರೋ ನೋಡ್ಕೊಳ್ಳಿ ಸಾರ್" ಎನ್ನುವುದು, ನಾವು ಝೀರೋ ನೋಡುವಷ್ಟರಲ್ಲಿ ಇನ್ನೊಬ್ಬ ಬಂದು "ಕಾರ್ಡಾ, ಕ್ಯಾಷಾ" ಎಂದು ಗಮನ ಸೆಳೆಯುವುದು. ರಿಸರ್ವಿಗೂ ಗತಿಯಿಲ್ಲದೆ ನಿಂತ ಬಜಾಜ್ ಸ್ಕೂಟರನ್ನು ಬಲಗಡೆಗೋ ಎಡಗಡೆಗೋ ಮಲಗಿಸಿ, ಕೊನೆಯ ಹನಿಗಳನ್ನು ಕಾರ್ಬುರೇಟರಿಗೆ ಇಳಿಸಿ, ಬಂಕಿನ ತನಕ ಓಡಿಸಿದವರು ಈ ಸಭಾಂಗಣದಲ್ಲಿ ಕಡಿಮೆಯೆಂದರೂ ನೂರು ಮಂದಿ ಇದ್ದೀರಿ. ಪೆಟ್ರೋಲ್ ಎಷ್ಟು ಏರಿದರೂ ನನಗೇನು, ನಾನು ಹಾಕಿಸೋದು ಐವತ್ತು ರೂಪಾಯಿಗೇ ಎಂಬ ಹಳೇ ಜೋಕು ಹುಟ್ಟಿದ್ದೇ ಆ ಪದ್ಧತಿಯಿಂದ. ಇಲ್ಲಿ ಟ್ಯಾಂಕು ತುಂಬ ತುಂಬಿಸುವುದು ರೂಢಿ. ಹಾಗಾಗಿ ಏರಿದ ಬೆಲೆ ಪಂಪಿನ ಪರದೆಯ ಮೇಲೆ ಪೂರ್ತಿ ಮೊತ್ತವಾಗಿ ಎದುರಿಗೆ ನಿಲ್ಲುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಏರಿದಾಗ ನಾವು ಏನು ಮಾಡುತ್ತೇವೆ? ಲೆಕ್ಕ. ನನ್ನೊಬ್ಬ ಸ್ನೇಹಿತರಿದ್ದಾರೆ, ಕಂಪ್ಯೂಟರ್ ಚಿಪ್ಪಿನೊಳಗಿನ ವಿದ್ಯುತ್ತನ್ನು ಅತಿ ಸೂಕ್ಷ್ಮವಾಗಿ ಉಳಿಸುವುದೇ ಅವರ ಕೆಲಸ. ಮನೆಯಿಂದ ಎಂಟು ಮೈಲಿ ದೂರದ ಬಂಕಿನಲ್ಲಿ ಗ್ಯಾಲನ್ನಿಗೆ 20 ಸೆಂಟ್ ಕಡಿಮೆ ಎಂದು ಪ್ರತಿ ಶನಿವಾರ ಅಲ್ಲಿಗೇ ಹೋಗುತ್ತಿದ್ದರು. ಹದಿನಾಲ್ಕು ಗ್ಯಾಲನ್ ತುಂಬಿಸಿದರೆ ಉಳಿತಾಯ 2 ಡಾಲರ್ 80 ಸೆಂಟ್. ಹೋಗಿ ಬರಲು ಹದಿನಾರು ಮೈಲಿ. ಅವರ ಗಾಡಿ ಗ್ಯಾಲನ್ನಿಗೆ 25 ಮೈಲಿ ಕೊಡುತ್ತದೆ. ಬೆಲೆ 5 ಡಾಲರ್ ಇದ್ದಾಗ ಆ ಓಡಾಟಕ್ಕೆ ಉರಿದದ್ದು 3 ಡಾಲರ್ 20 ಸೆಂಟ್. ಇದನ್ನು ಒಮ್ಮೆ ಊಟದ ಮಧ್ಯೆ ತೋರಿಸಿದೆ. ಅವರು ಸಾರು ಕಲಸುವುದನ್ನು ನಿಲ್ಲಿಸಿ, "ಸರಿ, ಆದರೆ ಅಲ್ಲಿ ಕೊತ್ತಂಬರಿ ಸೊಪ್ಪೂ ಅಗ್ಗ" ಅಂದರು. ವಾದ ಅಲ್ಲಿಗೆ ಮುಗಿಯಿತು.

ಈ ಸಂಚಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಮೂಲೆಯ ಬಂಕಿನ ಫಲಕ ಹತ್ತು ಸಲ ಬದಲಾಗಿರುತ್ತದೆ, ಹಾಗಾಗಿ ಇವತ್ತಿನ ಬೆಲೆ ಬರೆಯುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಹಳೆಯ ಏರಿಳಿತಗಳು ನಿಮಗೂ ನೆನಪಿರಬೇಕು. 2008ರ ಜುಲೈಯಲ್ಲಿ ದೇಶದ ಸರಾಸರಿ 4 ಡಾಲರ್ 11 ಸೆಂಟ್ ಮುಟ್ಟಿದಾಗ ಎಲ್ಲರೂ ಹೈಬ್ರಿಡ್ ಕಾರಿನ ಮಾತಾಡಿದೆವು. ಅದೇ ಡಿಸೆಂಬರಿನಲ್ಲಿ ಅದು ಒಂದು ಮುಕ್ಕಾಲು ಡಾಲರಿನ ಕೆಳಗೆ ಬಿತ್ತು, ಮಾತು ಮತ್ತೆ ದೊಡ್ಡ ಗಾಡಿಗಳಿಗೆ ತಿರುಗಿತು. 2020ರ ಏಪ್ರಿಲ್ 20ರಂದು ಕಚ್ಚಾ ತೈಲದ ವಾಯಿದೆ ಬೆಲೆ ಪೀಪಾಯಿಗೆ ಸೊನ್ನೆಗಿಂತ 37 ಡಾಲರ್ ಕೆಳಗೆ ಇಳಿಯಿತು. ಎಣ್ಣೆ ಇಡಲು ಜಾಗವಿಲ್ಲದೆ, ಒಯ್ದವನಿಗೇ ಮೇಲೆ ದುಡ್ಡು ಕೊಡುವ ಸ್ಥಿತಿ. ಆಗ ನಮ್ಮ ಕಾರುಗಳು ಮನೆ ಮುಂದೆ ಧೂಳು ಹೊದ್ದು ನಿಂತಿದ್ದವು. ಹೋಗುವುದಾದರೂ ಎಲ್ಲಿಗೆ?

ಆಮೇಲೆ 2022 ಬಂತು. ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ನುಗ್ಗಿತು. ಜೂನ್ ಮಧ್ಯಕ್ಕೆ ಅಮೆರಿಕದ ಸರಾಸರಿ ಮೊದಲ ಬಾರಿಗೆ 5 ಡಾಲರ್ ದಾಟಿತು, ನಮ್ಮ ಕ್ಯಾಲಿಫೋರ್ನಿಯಾದ್ದು 6 ಡಾಲರ್ 40 ಸೆಂಟ್ ದಾಟಿತು. ಬೇಸಿಗೆ ಕಳೆದು ಬೇರೆ ರಾಜ್ಯಗಳಲ್ಲಿ ಬೆಲೆ ಇಳಿದಾಗ ನಮ್ಮದೂ ಇಳಿಯಿತು, ಆದರೆ ಸೆಪ್ಟೆಂಬರ್ ಕೊನೆಗೆ ಮತ್ತೆ ಏರಿತು. ಆ ವರ್ಷ ಆಯುಧಪೂಜೆ ಅಕ್ಟೋಬರ್ 4ಕ್ಕೆ ಬಿದ್ದಿತ್ತು. ದೇಶದ ಉಳಿದವರು ಸರಾಸರಿ 4 ಡಾಲರಿನ ಒಳಗೇ ತುಂಬಿಸುತ್ತಿದ್ದ ದಿನ ನಾವು ಮತ್ತೆ 6 ಡಾಲರ್ 40 ಸೆಂಟಿನ ಆಸುಪಾಸಿನಲ್ಲಿದ್ದೆವು. ಕಾರಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ನನ್ನ ಹೆಂಡತಿ, "ನಾಲ್ಕು ನಿಂಬೆಹಣ್ಣು ಹಿಸುಕೋಕೆ ಮುಂದೆ ಹೋಗಿ ಹಿಂದೆ ಬರೋದಕ್ಕೆ ಎಷ್ಟು ಸೆಂಟ್ ಖರ್ಚು, ಅದನ್ನೂ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ" ಅಂದಳು.

ನಮಗೆ ಮಾತ್ರ ಯಾಕೆ ಹೀಗೆ ಎಂಬುದು ಪಾಟ್‌ಲಕ್‌ಗಳಲ್ಲಿ ಬಹಳ ಚರ್ಚೆಯಾಗುವ ವಿಷಯ. ಒಂದು ಪಕ್ಷ ತೆರಿಗೆ ಎನ್ನುತ್ತದೆ, ಇನ್ನೊಂದು ಪಕ್ಷ ತೈಲ ಕಂಪನಿ ಎನ್ನುತ್ತದೆ, ಊಟ ತಣ್ಣಗಾಗುತ್ತದೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೇಂದ್ರದ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. 1993ರಿಂದ ಅದು ಜಗ್ಗಿಲ್ಲ. ಕ್ಯಾಲಿಫೋರ್ನಿಯಾದ ತೆರಿಗೆ ಹಾಗಲ್ಲ. ಪ್ರತಿ ಜುಲೈ 1ಕ್ಕೆ ಹಣದುಬ್ಬರಕ್ಕೆ ತಕ್ಕಂತೆ ಬದಲಾಗುತ್ತದೆ, 2025ರಲ್ಲಿ 61.2 ಸೆಂಟ್ ಆಯಿತು. ಜೊತೆಗೆ 1996ರಿಂದ ಈ ರಾಜ್ಯಕ್ಕೇ ಪ್ರತ್ಯೇಕ ಪಾಕದ ಪೆಟ್ರೋಲು, ಹೊಗೆ ಕಡಿಮೆ ಮಾಡಲೆಂದು. ಅದರಲ್ಲೂ ಬೇಸಿಗೆಗೆ ಒಂದು ಪಾಕ, ಚಳಿಗಾಲಕ್ಕೆ ಇನ್ನೊಂದು. ಚಳಿಗಾಲದ್ದರಲ್ಲಿ ಅಗ್ಗದ ಬ್ಯೂಟೇನ್ ಹೆಚ್ಚು ಬೆರೆಸಬಹುದು, ಬೇಸಿಗೆಯಲ್ಲಿ ಅದು ಆವಿಯಾಗಿ ಗಾಳಿ ಕೆಡಿಸುತ್ತದೆ. 2022ರ ಆ ಸೆಪ್ಟೆಂಬರ್ ಕೊನೆಯಲ್ಲಿ ಬೆಲೆ ಇಳಿಸಲು ಗವರ್ನರ್ ನ್ಯೂಸಮ್ ಅವರು ಚಳಿಗಾಲದ ಪಾಕವನ್ನು ಬೇಗ ಮಾರಲು ಬಿಡಿ ಎಂದು ಕೇಳಿಕೊಂಡಿದ್ದು ಇದೇ ಕಾರಣಕ್ಕೆ.

ಈ ವಿಶೇಷ ಪಾಕ ಬೇಯಿಸುವ ಅಡುಗೆಮನೆಗಳು ಕೆಲವೇ. ನಮ್ಮ ಹತ್ತಿರದವು ರಿಚ್ಮಂಡ್, ಮಾರ್ಟಿನೆಜ್ ಕಡೆ. ಬೇರೆ ರಾಜ್ಯಗಳಿಂದ ಇಲ್ಲಿಗೆ ಪೆಟ್ರೋಲ್ ಹೊತ್ತು ತರುವ ಕೊಳವೆ ಮಾರ್ಗ ಇಲ್ಲದ್ದರಿಂದ, ಒಂದು ಒಲೆ ಆರಿದರೆ ಪಕ್ಕದ ಮನೆಯಿಂದ ಸಾರು ತರುವಂತಿಲ್ಲ. ಹಡಗಿನಲ್ಲಿ ಬರಬೇಕು, ಅದಕ್ಕೆ ವಾರಗಳು. 2012ರ ಆಗಸ್ಟಿನಲ್ಲಿ ರಿಚ್ಮಂಡಿನ ಸಂಸ್ಕರಣಾಗಾರಕ್ಕೆ ಬೆಂಕಿ ಬಿದ್ದಾಗ ಎದ್ದ ಕಪ್ಪು ಹೊಗೆ ಕೊಲ್ಲಿಯ ಆಚೆಗೂ ಕಂಡಿತ್ತು. ಅದರ ಹಿಂದೆಯೇ ಬಂಕಿನ ಫಲಕವೂ ಮೇಲೇರಿತು. 2015ರ ಫೆಬ್ರವರಿಯಲ್ಲಿ ದಕ್ಷಿಣದ ಟಾರೆನ್ಸಿನಲ್ಲಿ ಸ್ಫೋಟವಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸೆವರಿನ್ ಬೋರೆನ್‌ಸ್ಟೈನ್ ಅವರು ಹೇಳುವುದೇನೆಂದರೆ, ತೆರಿಗೆ, ವಿಶೇಷ ಪಾಕ ಎಲ್ಲವನ್ನೂ ಕಳೆದ ಮೇಲೂ 2015ರಿಂದ ಈಚೆಗೆ ಇಲ್ಲಿಯ ಬೆಲೆಯಲ್ಲಿ ವಿವರಣೆಗೆ ಸಿಗದ ಒಂದು ಪಾಲು ಉಳಿಯುತ್ತದೆ. ಅದಕ್ಕೆ ಅವರಿಟ್ಟ ಹೆಸರು ಮಿಸ್ಟರಿ ಸರ್‌ಚಾರ್ಜ್. ಅದನ್ನು ಪತ್ತೆ ಮಾಡಲು 2023ರಲ್ಲಿ ರಾಜ್ಯ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಅಂದರೆ ಪಾಟ್‌ಲಕ್ಕಿನ ಎರಡೂ ಪಕ್ಷದವರಿಗೆ ಅರ್ಧರ್ಧ ಅಂಕ ಕೊಡಬಹುದು.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಚ್ಚಾ ತೈಲದ ಒಂದು ಪೀಪಾಯಿ ಎಂದರೆ 42 ಗ್ಯಾಲನ್. ಅದನ್ನು ಸಂಸ್ಕರಿಸಿದರೆ ಸಿಗುವ ಪೆಟ್ರೋಲು ಸುಮಾರು 20 ಗ್ಯಾಲನ್. ಉಳಿದದ್ದು ಡೀಸೆಲ್, ವಿಮಾನದ ಇಂಧನ, ಡಾಂಬರು, ಇತ್ಯಾದಿ.

ನಮ್ಮ ಮೂಲೆಯ ಬಂಕಿನ ಮಾಲೀಕರು ಪಂಜಾಬಿನವರು. ಫಲಕದ ಮೇಲಿನ ಬೆಲೆಗೆ ದಿನಾ ಅವರೇ ಬೈಸಿಕೊಳ್ಳುತ್ತಾರೆ. "ಪೆಟ್ರೋಲಿನಲ್ಲಿ ನನಗೆ ಉಳಿಯೋದು ಕೆಲವೇ ಸೆಂಟು, ಅದರಲ್ಲೂ ಕ್ರೆಡಿಟ್ ಕಾರ್ಡಿನವರಿಗೆ ಪಾಲು. ನನ್ನ ಮನೆ ನಡೆಸೋದು ಒಳಗಿನ ಕಾಫಿ, ಚಿಪ್ಸು" ಎನ್ನುತ್ತಾರೆ. ಬೆಲೆಯ ಕೊನೆಗೆ ಅಂಟಿಕೊಂಡಿರುವ ಆ ಹತ್ತನೇ ಒಂಬತ್ತು ಸೆಂಟಿನ ಬಾಲ ಯಾಕೆ ಎಂದು ಕೇಳಿದೆ. "ನಾನು ಕೊಂಡಾಗಲೇ ಅದು ಇತ್ತು" ಎಂದು ನಕ್ಕರು. ಏರುವಾಗ ರಾಕೆಟ್ಟಿನ ಹಾಗೆ, ಇಳಿಯುವಾಗ ಹಕ್ಕಿಯ ಗರಿಯ ಹಾಗೆ ಎಂದು ಪೆಟ್ರೋಲ್ ಬೆಲೆಯ ಬಗ್ಗೆ ಅರ್ಥಶಾಸ್ತ್ರಜ್ಞರೇ ಒಂದು ಮಾತು ಮಾಡಿಕೊಂಡಿದ್ದಾರೆ. ಅದನ್ನು ಹೇಳಿದಾಗ ಮಾತ್ರ ಅವರು ನಗಲಿಲ್ಲ, ಚಿಪ್ಸಿನ ಪ್ಯಾಕೆಟ್ ಜೋಡಿಸತೊಡಗಿದರು.

ಇಷ್ಟು ಹೊತ್ತು ಹೇಳಿದ್ದು ಬೆಲೆಯ ಕಥೆ. ಆ ಬೆಲೆ ಯಾರನ್ನು ಎಲ್ಲಿ ತಡೆದು ನಿಲ್ಲಿಸುತ್ತದೆ ಎಂಬುದು ನನಗೆ ಮೊದಲು ಕಂಡದ್ದು ನಮ್ಮ ಮನೆಯಲ್ಲೇ. 2022ರ ಬೇಸಿಗೆಗೆ ಅಪ್ಪ ಬಂದಿದ್ದರು. ಜೂನಿನಲ್ಲಿ ಬೆಂಗಳೂರಿನ ಬೆಲೆ ಲೀಟರಿಗೆ ಸುಮಾರು 102 ರೂಪಾಯಿ. 3.785ರಿಂದ ಗುಣಿಸಿ, ಆಗಿನ 78 ರೂಪಾಯಿಯ ಡಾಲರಿನಿಂದ ಭಾಗಿಸಿದರೆ ಗ್ಯಾಲನ್ನಿಗೆ ಹತ್ತಿರ ಹತ್ತಿರ 5 ಡಾಲರ್, ಅಮೆರಿಕದ ಸರಾಸರಿಯಷ್ಟೇ. "ಅಲ್ಲಿ ಸ್ಕೂಟರಿನವನೂ ಇಷ್ಟೇ ಕೊಡ್ತಾನೆ ಕಣೋ, ಅವನ ಸಂಬಳ ರೂಪಾಯಿಯಲ್ಲಿ ಬರುತ್ತೆ, ನೀನು ಯಾಕೆ ಗೊಣಗ್ತೀಯ" ಎಂದು ನನಗೆ ಬುದ್ಧಿ ಹೇಳಿದವರು ಅವರೇ. ಆದರೆ ಶನಿವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೊರಡೋಣ ಎಂದರೆ ಮೊಣಕಾಲು ನೋವು ಎನ್ನತೊಡಗಿದರು. ಎರಡು ವಾರ ಮೊಣಕಾಲು, ಮೂರನೇ ವಾರ ತಲೆ. ನಾಲ್ಕನೇ ವಾರ ಹೆಂಡತಿಯ ಹತ್ತಿರ ನಿಜ ಬಾಯಿಬಿಟ್ಟರು: "ಒಂದು ನಮಸ್ಕಾರಕ್ಕೆ ಇಪ್ಪತ್ತು ಡಾಲರೇನಮ್ಮಾ? ಸಾವಿರದ ಐನೂರು ರೂಪಾಯಿ! ದೇವರು ಇಲ್ಲೂ ಇದಾನೆ." ಕಾರು ಇದೆ, ಓಡಿಸುವ ಮಗನಿದ್ದಾನೆ, ದುಡ್ಡಿಗೂ ತೊಂದರೆಯಿಲ್ಲ, ಆದರೂ ಎಪ್ಪತ್ತಾರು ವರ್ಷದ ಮನುಷ್ಯ ನಾಲ್ಕು ವಾರ ಕಿಟಕಿಯ ಪಕ್ಕ ಕೂತು ಕಳೆದರು. ಕೇಳಿ ಪಡೆಯಬೇಕಾದ ಸವಾರಿಗೆ ಬೆಲೆ ಏರಿದರೆ ಕೇಳುವ ಬಾಯಿ ಮುಚ್ಚುತ್ತದೆ.

ಅದೇ ತಿಂಗಳು ಫ್ರೀಮಾಂಟಿನ ಕನ್ನಡ ತರಗತಿಯ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಕಾಣತೊಡಗಿದವು. ಎರಡು ವರ್ಷ ಜೂಮಿನಲ್ಲಿ ನಡೆದ ತರಗತಿ ಆ ವರ್ಷವಷ್ಟೇ ಮತ್ತೆ ಎದುರುಬದುರು ಶುರುವಾಗಿತ್ತು. ಬಾರದಿದ್ದವರು ಬಹುತೇಕ ಒಂದೇ ಕಡೆಯವರು, ಬೆಟ್ಟದ ಆಚೆಯ ಟ್ರೇಸಿಯವರು. ಕೊಲ್ಲಿಯ ಈ ಕಡೆ ಮನೆ ಕೊಳ್ಳಲಾಗದೆ, ಬಾಡಿಗೆ ಕೊಡಲಾಗದೆ ಆಲ್ಟಮಾಂಟ್ ದಾಟಿ ಹೋಗಿ ನೆಲೆಸಿದವರು. ಮನೆ ಅಗ್ಗವಾಗಿ ಸಿಕ್ಕಿತು, ಅದರ ಬಾಕಿಯನ್ನು ದಿನಾ ಪಂಪಿನ ಮುಂದೆ ಕಟ್ಟುತ್ತಾರೆ. ಒಂದು ಕುಟುಂಬದ ಮಾತು ಹೇಳುತ್ತೇನೆ. ಗಂಡನದು ಕಾಂಟ್ರಾಕ್ಟ್ ಕೆಲಸ, ಹೆಂಡತಿ ಮಕ್ಕಳ ಡೇಕೇರಿನಲ್ಲಿ, ಎರಡು ಮಕ್ಕಳು, ಗ್ಯಾಲನ್ನಿಗೆ 20 ಮೈಲಿ ಕೊಡುವ ಹಳೆಯ ಮಿನಿವ್ಯಾನು. ತರಗತಿಗೆ ಹೋಗಿ ಬರಲು 80 ಮೈಲಿ, ಅಂದರೆ ನಾಲ್ಕು ಗ್ಯಾಲನ್. 3 ಡಾಲರ್ ಇದ್ದ ಕಾಲದಲ್ಲಿ ಹನ್ನೆರಡು ಡಾಲರಿನ ಭಾನುವಾರ. 6 ಡಾಲರ್ 40 ಸೆಂಟಿಗೆ ಅದು ಇಪ್ಪತ್ತೈದೂವರೆ ದಾಟಿತು. ಫೀಸೇ ಇಲ್ಲದ ತರಗತಿಗೆ ತಿಂಗಳಿಗೆ ನೂರು ಡಾಲರ್.

ಎಲೆಕ್ಟ್ರಿಕ್ ಕಾರು ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಚಾರ್ಜ್ ಮಾಡಲು ಸ್ವಂತ ಗ್ಯಾರೇಜು ಇರುವವರೇ ಹೆಚ್ಚಾಗಿ ಹಾಗೆ ಕೇಳುತ್ತಾರೆ.

ಆ ತಾಯಿ ಕಳಿಸಿದ ಸಂದೇಶದಲ್ಲಿ ಪೆಟ್ರೋಲಿನ ಹೆಸರೇ ಇರಲಿಲ್ಲ. "ಮಕ್ಕಳಿಗೆ ಭಾನುವಾರ ತುಂಬಾ ಹೋಂವರ್ಕ್, ಈ ಟರ್ಮ್ ಬಿಡಿಸ್ತಾ ಇದೀವಿ, ಕ್ಷಮಿಸಿ" ಎಂದಷ್ಟೇ. ನಮ್ಮ ಪಾಟ್‌ಲಕ್ಕಿನಲ್ಲಿ ಪೆಟ್ರೋಲಿನ ಬಗ್ಗೆ ಜೋರಾಗಿ ಮಾತಾಡುವವರೆಲ್ಲ ತುಂಬಿಸಿಕೊಂಡೇ ಬಂದವರು. ತುಂಬಿಸಲಾಗದವರು ಹೋಂವರ್ಕ್ ಎನ್ನುತ್ತಾರೆ, ಮೊಣಕಾಲು ಎನ್ನುತ್ತಾರೆ. ಬಿಡುವುದನ್ನೂ ಒಂದು ಕ್ರಮದಲ್ಲೇ ಬಿಡುತ್ತಾರೆ. ಆಫೀಸಿನ ಓಡಾಟ ಬಿಡುವಂತಿಲ್ಲ. ಗಣಿತದ ತರಗತಿ ಬಿಡಿಸಲು ಧೈರ್ಯ ಸಾಲದು. ಮೊದಲು ಹೋಗುವುದು ಕನ್ನಡ, ಅದಕ್ಕೆ ಪರೀಕ್ಷೆಯೂ ಇಲ್ಲ, ಕೇಳುವವರೂ ಇಲ್ಲ.

ಇಲ್ಲಿ ಮಾತ್ರ ಕೇಳುವವರೊಬ್ಬರಿದ್ದರು. ತರಗತಿಯ ಟೀಚರು ಆಗ ಅರವತ್ತು ದಾಟಿದವರು, ಬಿಡಿಸಿದ ಮಕ್ಕಳ ಮನೆಗೆಲ್ಲ ಒಂದೊಂದಾಗಿ ಫೋನ್ ಮಾಡಿದರು. ಮೂರನೇ ಮನೆಯ ಹೊತ್ತಿಗೆ ಅವರಿಗೆ ವಿಷಯ ಹೊಳೆಯಿತು. ಮುಂದಿನ ವಾರ ಕಮಿಟಿಯ ಮುಂದೆ ಬಂದು ಕೇಳಿದ್ದು ಇಷ್ಟು: "ಐದು ಕಾರು ಬೆಟ್ಟ ಇಳಿದು ಇಲ್ಲಿಗೆ ಬರೋ ಬದಲು ನಾನೊಬ್ಬಳು ಹತ್ತಿ ಅಲ್ಲಿಗೆ ಹೋದರೆ ಆಗಲ್ವಾ?" ಐದು ಕಾರು, ತಲಾ ನಾಲ್ಕು ಗ್ಯಾಲನ್, ಒಟ್ಟು ಇಪ್ಪತ್ತು. ಆ ಹೆಂಗಸು ಭಾನುವಾರಕ್ಕೊಂದು ಪೀಪಾಯಿ ಎಣ್ಣೆ ಉಳಿಸುವ ಯೋಜನೆಯನ್ನು ಒಂದು ವಾಕ್ಯದಲ್ಲಿ ಹೇಳಿ ಕೂತಿದ್ದರು.

ಕಮಿಟಿ ಎಂದ ಮೇಲೆ ಕೇಳಬೇಕೇ. ಹೊಸ ಸೌಂಡ್ ಸಿಸ್ಟಮ್ಮಿನ ಬಾಡಿಗೆಗೆ ಎರಡು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಟೀಚರ ಪೆಟ್ರೋಲ್ ಖರ್ಚಿನ ಮೇಲೆ ಮುಕ್ಕಾಲು ಗಂಟೆ ಚರ್ಚೆ. ಒಬ್ಬರಿಗೆ ಕೊಟ್ಟರೆ ಎಲ್ಲ ಸ್ವಯಂಸೇವಕರೂ ಕೇಳುತ್ತಾರೆ, ಸೇವೆ ಎಂದ ಮೇಲೆ ಲೆಕ್ಕ ಯಾಕೆ, ಇತ್ಯಾದಿ. ಆಗ ನಮ್ಮ ಖಜಾಂಚಿ ತೆರಿಗೆಯ ನಿಯಮ ತೆಗೆದರು. ಪೆಟ್ರೋಲ್ ಏರಿತೆಂದು 2022ರ ಜುಲೈಯಿಂದ ವ್ಯಾಪಾರಕ್ಕೆ ಓಡಿಸುವ ಕಾರಿನ ದರವನ್ನು ಮೈಲಿಗೆ 58.5 ಸೆಂಟಿನಿಂದ 62.5ಕ್ಕೆ ವರ್ಷದ ಮಧ್ಯದಲ್ಲೇ ಏರಿಸಿದರು. ಸೇವಾಸಂಸ್ಥೆಗೆ ದುಡಿಯುವ ಸ್ವಯಂಸೇವಕರ ದರ? ಮೈಲಿಗೆ 14 ಸೆಂಟ್. 1998ರಿಂದ ಅಷ್ಟೇ, ಅದು ಕಾನೂನಿನಲ್ಲೇ ಬರೆದಿಟ್ಟ ಅಂಕಿ. 80 ಮೈಲಿಗೆ 11 ಡಾಲರ್ 20 ಸೆಂಟ್. ಟೀಚರ ಸಣ್ಣ ಕಾರಿಗೂ ಆಗ 17 ಡಾಲರ್ ಬೇಕಿತ್ತು. "ಕಂಪನಿಯ ಸೇಲ್ಸ್‌ಮನ್ ಕಾರಿಗೆ ಹಸಿವು ಜಾಸ್ತಿ, ಮೇಡಂ ಕಾರಿಗೆ ಏಕಾದಶಿ ಅಂತ ಸರ್ಕಾರದ ಅಭಿಪ್ರಾಯ ಇರಬೇಕು" ಎಂದು ಖಜಾಂಚಿ ಕಡತ ಮುಚ್ಚಿದರು. ಚರ್ಚೆ ನಿಂತಿತು. ಪೂರ್ತಿ ಖರ್ಚು ಕೊಡುವುದೆಂದಾಯಿತು.

ಟೀಚರು ಅದನ್ನು ಮುಟ್ಟಲಿಲ್ಲ, ಅದು ಬೇರೆ ಮಾತು. ಟ್ರೇಸಿಯ ಒಂದು ಮನೆಯ ಗ್ಯಾರೇಜಿನಲ್ಲಿ ತರಗತಿ ಶುರುವಾಯಿತು. ಗ್ಯಾರೇಜಿನ ಬಾಗಿಲು ಮೇಲಕ್ಕೆತ್ತಿ, ಹನ್ನೊಂದು ಮಕ್ಕಳು ಮಡಚುವ ಕುರ್ಚಿಯಲ್ಲಿ, ಗೋಡೆಗೆ ಆನಿಸಿದ ಕರಿಹಲಗೆಯ ಮೇಲೆ ಒತ್ತಕ್ಷರ. ಅಲ್ಲಿಯ ತಾಯಂದಿರು ದುಡ್ಡಿನ ಮಾತೆತ್ತದೆ ಟೀಚರ ಕಾರಿನ ಹಿಂದಿನ ಸೀಟಿಗೆ ಹಿತ್ತಲಿನ ನುಗ್ಗೆಸೊಪ್ಪು, ಕರಿಬೇವು, ಬಾದಾಮಿ ತುಂಬಿ ಕಳಿಸುತ್ತಿದ್ದರು. ಹೋಂವರ್ಕಿನ ನೆಪ ಹೇಳಿದ್ದ ಆ ತಾಯಿ ಈಗ ಅಲ್ಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಾರೆ. ಬೆಲೆ ಇಳಿದ ಮೇಲೂ ಆ ತರಗತಿ ಫ್ರೀಮಾಂಟಿಗೆ ವಾಪಸು ಬರಲಿಲ್ಲ, ಬರುವುದೂ ಬೇಡ.

ಅಪ್ಪನ ಮೊಣಕಾಲಿಗೂ ಔಷಧಿ ಸಿಕ್ಕಿತು. ಬೀದಿಯ ಆ ತುದಿಯ ತೆಲುಗಿನವರು ಪ್ರತಿ ಶನಿವಾರ ಹೇಗೂ ದೇವಸ್ಥಾನಕ್ಕೆ ಹೋಗುತ್ತಿದ್ದರು. ಹೇಗೂ ಹೋಗುವ ಕಾರಿಗೆ ಹತ್ತಲು ಅಪ್ಪನ ಅಭ್ಯಂತರ ಇರಲಿಲ್ಲ. ವಾಪಸು ಹೊರಡುವಷ್ಟರಲ್ಲಿ ಸುಮಾರು ತೆಲುಗೂ ಕಲಿತಿದ್ದರು.

ಈ ಸಂಚಿಕೆ ನಿಮ್ಮ ಕೈಗೆ ಸಿಗುವುದು ಸಭಾಂಗಣದ ಬಾಗಿಲಲ್ಲಾದ್ದರಿಂದ ಇವತ್ತಿನ ಸವಾರಿಯ ಮಾತು ತಡವಾಯಿತು. ಸಂಕ್ರಾಂತಿಯದ್ದಕ್ಕೆ ತಡವಾಗಿಲ್ಲ. ನೋಂದಣಿ ಮೇಜಿನ ಮೇಲೆ, ಒಬ್ಬಟ್ಟಿನ ಕೂಪನ್ನಿನ ಪಕ್ಕ, ಒಂದು ಹಾಳೆ ಇಟ್ಟಿದ್ದೇವೆ. ಯಾವ ಊರಿನಿಂದ ಎಷ್ಟು ಸೀಟು ಖಾಲಿ, ಎಷ್ಟು ಜನಕ್ಕೆ ಸೀಟು ಬೇಕು, ಎರಡೇ ಕಾಲಮ್ಮು. ಎರಡನೆಯದರಲ್ಲಿ ಬರೆಯಲು ಸಂಕೋಚವಾಗುವ ಹಿರಿಯರ ಪರವಾಗಿ ಮೊಮ್ಮಕ್ಕಳು ಬರೆಯಬಹುದು. ಮೊದಲ ಸಾಲು ನನ್ನದು: ಲಿವರ್‌ಮೋರ್, ಮೂರು ಸೀಟು, ಮಧ್ಯಾಹ್ನ ಎರಡಕ್ಕೆ ಹೊರಡುವುದು. ಕಾರಿನಲ್ಲಿ ಯಾವ ಹಾಡು ಎಂಬುದನ್ನು ಮಾತ್ರ ನಾನೇ ನಿರ್ಧರಿಸುತ್ತೇನೆ.